ಹುಳುಮನೆಯ ಕಿಟಕಿ

ಬಾಗಿಲು ತೆಗೆದದ್ದೇ ತಡ, ಮನೆ ಒಡತಿ ಒಳಗೆ ನುಗ್ಗಿ ಎಲ್ಲ ಕಿಟಕಿಗಳನ್ನೂ ಅಗಲವಾಗಿ ತೆರೆದುಬಿಟ್ಟಳು. ಹೊರಗೆ ಹಿಮ ಬೀಳುತ್ತಿತ್ತು. ಹ್ಯಾಂಬರ್ಗಿಗೆ ಬಂದ ಮೊದಲ ಚಳಿಗಾಲ. ನಾನು ಎರಡು ಸ್ವೆಟರ್ ಹಾಕಿಕೊಂಡು, ಕಿಟಕಿ ಸಂದಿಗೆ ಬಟ್ಟೆ ತುರುಕಿ ಕೂತಿದ್ದೆ. ಗೋಡೆಯ ಮೂಲೆಯ ಬೂಷ್ಟು ತೋರಿಸಿ ಆಕೆ "ಲ್ಯುಫ್ಟನ್! ಲ್ಯುಫ್ಟನ್!" ಎಂದು ಗದರಿದಳು. ಮನೆಗೆ ಗಾಳಿಯಾಡಿಸುವುದಕ್ಕೆ ಇಲ್ಲಿಯವರ ಮಾತದು. ಎಂಥ ಚಳಿಯಿದ್ದರೂ ಹೀಟರ್ ಆರಿಸಿ, ದಿನಕ್ಕೆರಡು ಸಲ ಕಿಟಕಿ ತೆರೆಯಲೇಬೇಕು. ಬಾಡಿಗೆ ಕರಾರಿನಲ್ಲೇ ಬರೆದಿತ್ತು. ನನಗೆ ನಾಚಿಕೆಯಾಯಿತು. ನಾನು ಈ ಊರಿಗೆ ಬಂದದ್ದೇ ಕಟ್ಟಡಗಳ ಗಾಳಿ, ಬೆಳಕು, ಶಾಖದ ವ್ಯವಸ್ಥೆ ರೂಪಿಸುವ ಕೆಲಸಕ್ಕೆ.

ಆಕೆಯ ಗದರಿಕೆ ಕೇಳಿ ದೊಡ್ಡಮ್ಮ ನೆನಪಾದಳು. ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಅವಳು ರೇಷ್ಮೆ ಹುಳು ಸಾಕುತ್ತಾಳೆ. ನಾನು ಬೆಳೆದದ್ದು ಅವಳ ಕೈಯಲ್ಲೇ. ಬೆಳಿಗ್ಗೆ ಎದ್ದವಳೇ ಹುಳುಮನೆಗೆ ಹೋಗಿ, ಗಾಳಿಯ ಬಿಸಿ, ತೇವ ಮೈಗೆ ತಿಳಿಯಲೆಂದು ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಆಮೇಲೆ ಕೂತು, ಹುಳುಗಳಿರುವ ಕೆಳಗಿನ ತಟ್ಟೆಗೆ ಮುಖ ಒಡ್ಡುತ್ತಾಳೆ. ಗೋಡೆಯ ಮೇಲೆ ಥರ್ಮಾಮೀಟರ್ ಇದೆ, ಆದರೆ ಅದರ ಸರದಿ ಕೊನೆಗೆ. ಹ್ಯಾಂಬರ್ಗಿನಲ್ಲಿ ನಾಲ್ಕು ವರ್ಷ ಕಳೆದೆ. ಹುಡುಕಿ ತಂದ ರಾಗಿ ಹಿಟ್ಟಿನಲ್ಲಿ ಮುದ್ದೆ ಕಟ್ಟಿಕೊಂಡು ಊಟದ ಹಂಬಲ ತೀರಿಸಿಕೊಂಡೆ. ಆದರೆ ಆ ಹುಳುಮನೆಯೊಳಗೆ ಇನ್ನೊಮ್ಮೆ ಕಣ್ಣು ಮುಚ್ಚಿ ನಿಲ್ಲಬೇಕು ಅನ್ನುವ ಆಸೆ ಮಾತ್ರ ತೀರುವಂಥದ್ದಲ್ಲ.

ಹೋದ ವರ್ಷ ಒಂದು ಶಾಲೆಗೆ ನಾವು ವಿನ್ಯಾಸ ಮಾಡಿದೆವು. ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸಿ, ವಿದ್ಯುತ್ ಉಳಿಸುವ ಕಟ್ಟಡ. ಎಲ್ಲವನ್ನೂ ನೋಡಿಕೊಳ್ಳಲು ಸೆನ್ಸರ್‌ಗಳಿದ್ದವು. ಆದರೂ ಮಕ್ಕಳು ಜಾಕೆಟ್ ಬಿಚ್ಚುತ್ತಿಲ್ಲ ಎಂದು ಟೀಚರ್ ದೂರಿದರು. ನನ್ನ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿತ್ತು. ಫೋನಿನಲ್ಲಿ ದೊಡ್ಡಮ್ಮನ ಹತ್ತಿರ ಗೊಣಗಿದೆ.

"ಒಳಗೋಗಿ ಕೂತ್ಕೊಂಡ್ ನೋಡಿದ್ಯೇನೇ?"

"ಇಲ್ಲಿಂದ್ಲೇ ಎಲ್ಲಾ ಕಾಣ್ಸುತ್ತೆ ದೊಡ್ಡಮ್ಮ."

"ಏನ್ ಕಾಣ್ಸುತ್ತೆ, ಮಣ್ಣು! ಹುಳ ಎಲ್ಲಿರ್ತದೋ ಅಲ್ಲಿ ನಿನ್ ಮುಖ ಇಡ್ಬೇಕು ಕಣೇ. ನಿಂತ್ಕೊಂಡ್ ನೋಡಿದ್ರೆ ನಿನಗೆ ಸರಿಯಾಗಿರ್ತದೆ, ಅದಕ್ಕಲ್ಲ."

ಮರುದಿನ ಹೋಗಿ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಿಸಿಕೊಂಡು ಕೂತೆ. ಸ್ವಲ್ಪ ಹೊತ್ತಿಗೇ ಕಾಲು ಕೊರೆಯತೊಡಗಿತು. ತಣ್ಣನೆಯ ಗಾಳಿ ನೆಲದುದ್ದಕ್ಕೂ ಹರಿಯುತ್ತಿತ್ತು. ಸೆನ್ಸರನ್ನು ನನ್ನ ಎತ್ತರಕ್ಕೆ ಹಾಕಿಸಿದ್ದವಳು ನಾನೇ. ಅದನ್ನು ಕೆಳಗಿಳಿಸಿ, ಗಾಳಿಯ ದಿಕ್ಕು ತಿರುಗಿಸಿದೆವು. ಒಂದು ಕಿಟಕಿಯನ್ನು ಮಕ್ಕಳೇ ತೆರೆಯುವಂತೆ ಮಾಡಿಸಿದೆ. ವಾರದ ನಂತರ ಜಾಕೆಟ್‌ಗಳು ಗೂಟಕ್ಕೆ ಏರಿದವು. ಇದು ಯಾರ ಬುದ್ಧಿ ಎಂದು ಆಫೀಸಿನಲ್ಲಿ ಕೇಳಿದರು. ಹುಳು ಸಾಕುವವಳದು ಅಂದರೆ ನಗುತ್ತಾರೆಂದು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದು ಈಗಲೂ ಚುಚ್ಚುತ್ತದೆ.

ಈ ಬೇಸಿಗೆಯಲ್ಲಿ ನಾಲ್ಕು ದಿನದ ಮಟ್ಟಿಗೆ ಊರಿಗೆ ಬಂದೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಹಳ್ಳಿ ಮುಟ್ಟಿದವಳು, ಬ್ಯಾಗನ್ನು ಜಗಲಿಯ ಮೇಲೆ ಎಸೆದು ಸೀದಾ ಹುಳುಮನೆಗೆ ಓಡಿದೆ. ದೊಡ್ಡಮ್ಮ ಹೊಸ್ತಿಲಲ್ಲಿ ಕೈ ಅಡ್ಡ ಹಿಡಿದಳು.

"ನಿಲ್ಲು, ನಿಲ್ಲು! ಮೈಗೇನೋ ಹಚ್ಕೊಂಡಿದ್ದೀಯ, ಗಮ್ಮಂತಿದೆ."

"ಸ್ನಾನ ಮಾಡ್ಕೊಂಡ್ ಬರ್ತೀನಿ."

"ಬ್ಯಾಡಮ್ಮ. ಇನ್ನು ನಾಕೈದು ದಿನಕ್ಕೆ ಹುಳ ಹಣ್ಣಾಗ್ತವೆ, ಗೂಡು ಕಟ್ಟೋ ಹೊತ್ತು. ಹೊರಗಿನೋರನ್ನ ಈಗ ಯಾರನ್ನೂ ಬಿಡಲ್ಲ. ನಿನಗ್ ಗೊತ್ತಿಲ್ವಾ?"

ಗೊತ್ತಿಲ್ಲದೆ ಏನು? ಚಿಕ್ಕವಳಿದ್ದಾಗ ಇದೇ ಬಾಗಿಲಲ್ಲಿ ಕೋಲು ಹಿಡಿದು ನಿಂತು, ಬಂದ ನೆಂಟರನ್ನೆಲ್ಲ ತಡೆಯುತ್ತಿದ್ದವಳು ನಾನು. ಅವಳು ಮಾಡಿದ್ದು ಸರಿಯೇ. ಆದರೂ ಹಾಗೇ ವಾಪಸು ಹೋಗಲು ಮನಸ್ಸಾಗಲಿಲ್ಲ.

ಸುತ್ತು ಹಾಕಿ ಹಿಂಬದಿಯ ಕಿಟಕಿಗೆ ಹೋದೆ. ಜಾಲರಿಯಾಚೆ ತಟ್ಟೆ ತುಂಬ ಹುಳುಗಳು ಸರಸರನೆ ಸೊಪ್ಪು ಮೇಯುತ್ತಿದ್ದವು. ಒಳಗಿಂದ ನನ್ನ ಮುಖ ಕಂಡು ದೊಡ್ಡಮ್ಮನೂ ಮೆತ್ತಗಾದಳು.

"ಅಲ್ಲಿಂದ್ಲೇ ಹೇಳಮ್ಮ. ಗಾಳಿ ಹೆಂಗೈತೆ?"

ಜಾಲರಿಗೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದೆ. "ಒಣಗಿದೆ ದೊಡ್ಡಮ್ಮ. ಬಿಸಿನೂ ಜಾಸ್ತಿ."

"ಹೂಂ, ನಂಗೂ ಹಂಗೇ ಅನ್ನಿಸ್ತು. ಮರ್ತಿಲ್ಲ ಬಿಡು ನೀನು," ಎಂದಳು. ಅವಳ ಮುಖದಲ್ಲಿ ಹೆಮ್ಮೆಯಿತ್ತು. ಆಮೇಲೆ ಒಳಬರುವ ಗಾಳಿ ತಂಪಾಗಲೆಂದು ಒಂದು ಗೋಣಿಚೀಲವನ್ನು ನೀರಲ್ಲಿ ಅದ್ದಿ ಹಿಂಡಿ ತಂದು, ನಾನು ನಿಂತಿದ್ದ ಕಿಟಕಿಗೇ ಇಳಿಬಿಟ್ಟಳು. ಅವಳೂ ಕಾಣಲಿಲ್ಲ, ಹುಳುಗಳೂ ಕಾಣಲಿಲ್ಲ. ಒದ್ದೆ ಗೋಣಿಯ ವಾಸನೆ ಕುಡಿಯುತ್ತಾ ತುಂಬಾ ಹೊತ್ತು ಅಲ್ಲೇ ನಿಂತಿದ್ದೆ.