ಜಂಪಣ್ಣ ತಪ್ಪಿಸಿದ ಚುಚ್ಚುಮದ್ದು

ನನ್ನಿವಾಳದ ಜಂಪಣ್ಣ ಇಪ್ಪತ್ತೆರಡು ವರ್ಷ ದೇವರೆತ್ತುಗಳ ಕಿಲಾರಿಯಾಗಿದ್ದರು. ದೇವರ ಹೆಸರಿಗೆ ಬಿಟ್ಟ ಈ ದನಗಳನ್ನು ಯಾರೂ ನೇಗಿಲಿಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ಸತ್ತರೆ ಊರವರೇ ಮಣ್ಣು ಮಾಡುತ್ತಾರೆ. ದಿನವಿಡೀ ಅವುಗಳ ಹಿಂದೆ ನಡೆಯುವುದು ಕಿಲಾರಿಯ ಕೆಲಸ.

ಮೂರು ವರ್ಷದ ಹಿಂದೆ ಚಳ್ಳಕೆರೆಯಲ್ಲಿ, ಮುಚ್ಚಿಹೋದ ಎಣ್ಣೆ ಮಿಲ್ಲೊಂದರ ಗೋದಾಮನ್ನು ಬಾಡಿಗೆಗೆ ಹಿಡಿದು ನಾಲ್ಕು ಜನರ ತಂಡವೊಂದು ಕೆಲಸ ಶುರು ಮಾಡಿತು. ಕೀಟಗಳ ನಡಿಗೆಯನ್ನು ಕ್ಯಾಮೆರಾದಲ್ಲಿ ಹಿಡಿದು, ಹಾಗೆಯೇ ನಡೆಯುವ ರೋಬೋಟ್ ಕಟ್ಟುವುದು ಅವರ ಉದ್ದೇಶ. ಅವರು ಆರಿಸಿಕೊಂಡದ್ದು ಸಗಣಿ ಹುಳ. ತಲೆ ಕೆಳಗೆ ಮಾಡಿ, ತನಗಿಂತ ದೊಡ್ಡ ಉಂಡೆಯನ್ನು ಹಿಂಗಾಲಿನಿಂದ ತಳ್ಳುತ್ತ, ಹಿಮ್ಮುಖವಾಗಿಯೂ ನೇರ ಗೆರೆಯಲ್ಲಿ ಹೋಗುವ ಹುಳ ಅದು. ಹುಳ ಹಿಡಿದು ಕೊಡುವವರನ್ನು ಹುಡುಕುತ್ತ ತಂಡದ ಶಿಲ್ಪ ನನ್ನಿವಾಳಕ್ಕೆ ಬಂದಾಗ ಜನ ಜಂಪಣ್ಣನನ್ನು ತೋರಿಸಿದರು.

ಸಗಣಿ ಬಿದ್ದು ಎಷ್ಟು ಹೊತ್ತಿಗೆ ಯಾವ ಹುಳ ಬರುತ್ತದೆ, ಯಾವುದು ಉಂಡೆ ಉರುಳಿಸುತ್ತದೆ, ಯಾವುದು ಅಲ್ಲೇ ನೆಲ ತೋಡುತ್ತದೆ ಎಂಬುದು ಜಂಪಣ್ಣನಿಗೆ ಗೊತ್ತಿತ್ತು.

"ಹೊರಡೋಕೆ ಮುಂಚೆ ಉಂಡೆ ಮ್ಯಾಲೆ ಹತ್ತಿ ಒಂದು ಸುತ್ತು ತಿರುಗ್ತೈತೆ ನೋಡವ್ವ. ಹೊತ್ತು ಎಲ್ಲೈತೆ ಅಂತ ನೋಡ್ಕೊಂತೈತೆ."

ಹುಳ ಸೂರ್ಯನನ್ನು ನೋಡಿ ದಿಕ್ಕು ಹಿಡಿಯುತ್ತದೆ ಎಂಬ ಆ ಮಾತನ್ನು ಶಿಲ್ಪ ಬರೆದುಕೊಂಡರು. ತಾನು ಹೇಳಿದ್ದನ್ನು ಯಾರಾದರೂ ಬರೆದುಕೊಂಡದ್ದು ಜಂಪಣ್ಣನಿಗೆ ಅದೇ ಮೊದಲು.

ಊರ ಹಿರಿಯ ದೊಡ್ಡೀರಪ್ಪ ಛೇಡಿಸುತ್ತಿದ್ದರು. "ಲೇ ಜಂಪಣ್ಣ, ದೇವ್ರ ದನ ಬಿಟ್ಟು ಹುಳ ಕಾಯಾಕೆ ನಿಂತೆಯಲ್ಲೋ! ನಾಳೆ ಅವಕ್ಕೂ ಗಂಟೆ ಕಟ್ತೀಯೇನು?"

"ನೀವು ಗಂಟೆ ಕೊಡ್ಸಿರಿ, ಕಟ್ತೀನಿ."

ಕಳೆದ ಅಕ್ಟೋಬರಿನಲ್ಲಿ ಶಿಲ್ಪ ಒಂದು ಎಚ್ಚರಿಕೆ ಹೇಳಿದರು. ಜಂತುಹುಳಕ್ಕೆ ಹಾಕುವ ಒಂದು ಚುಚ್ಚುಮದ್ದು ಸಗಣಿಯಲ್ಲಿ ವಾರಗಟ್ಟಲೆ ಉಳಿಯುತ್ತದೆ; ಅದನ್ನು ತಿಂದ ಸಗಣಿ ಹುಳದ ಕಾಲು ಸೋಲುತ್ತದೆ, ಮರಿ ಸಾಯುತ್ತದೆ. "ಇನ್ನು ಇಪ್ಪತ್ತು ದಿನದ ಶೂಟಿಂಗ್ ಐತೆ ಜಂಪಣ್ಣಾರೇ. ಅಷ್ಟರಾಗೆ ನಿಮ್ಮ ದನಕ್ಕೆ ಆ ಮದ್ದು ಹಾಕಿದ್ರೆ ಹೇಳ್ರಿ, ಬೇರೆ ಊರಿಂದ ಹುಳ ತರೋಣ."

ಬೇರೆ ಊರಿನ ಹುಳ ಜಂಪಣ್ಣನಿಗೆ ಬೇಡವಾಗಿತ್ತು.

ಐದು ದಿನದ ನಂತರ ಪಶುವೈದ್ಯರು ದೊಡ್ಡಿಗೆ ಬಂದು ಅದೇ ಮದ್ದು ಹಾಕುವವರಿದ್ದರು. ಮುಂದೆ ಮಂದೆಯ ಮುಂದಾಳಾಗಲಿ ಎಂದು ಊರವರು ಗುರುತಿಸಿದ್ದ ಎರಡು ವರ್ಷದ ಹೋರಿ ಜಂತುಹುಳದಿಂದ ಸೊರಗಿತ್ತು. ದವಡೆಯ ಕೆಳಗೆ ನೀರು ತುಂಬಿ ಊದಿತ್ತು.

"ಹೋರಿ ಮೇವು ಮುಟ್ತಿಲ್ಲ, ಕಣ್ಣು ಬೆಳ್ಳಗಾಗೈತೆ. ಇವತ್ತೊಂದಿನ ಮಂದೆ ದೊಡ್ಡಿಯಾಗೇ ನಿಲ್ಸ್ರಿ," ಎಂದರು ಹೆಂಡತಿ ಯರ್ರಮ್ಮ.

"ಹದಿನೈದು ದಿನ ಕಣೆ. ಹದಿನಾರನೇ ದಿನ ನಾನೇ ಆಸ್ಪತ್ರೆಗೆ ಹೊಡ್ಕಂಡು ಹೋಗ್ತೀನಿ."

ವೈದ್ಯರು ಬರುವ ಮೊದಲೇ ಜಂಪಣ್ಣ ಮಂದೆಯನ್ನು ದೂರದ ಹುಲ್ಲುಗಾವಲಿಗೆ ಹೊಡೆದರು. ಹನ್ನೊಂದನೇ ದಿನ ಬೆಳಿಗ್ಗೆ ಹೋರಿ ಸತ್ತಿತು.

ಗುಂಡಿಯ ಬಳಿ ದೊಡ್ಡೀರಪ್ಪ ಕೇಳಿದರು. "ಡಾಕ್ಟ್ರು ಬಂದ ದಿನ ಎಲ್ಲಿ ಹೋಗಿದ್ದೆ?"

ಮೇವು ಹುಡುಕಿ ಹೋಗಿದ್ದೆ ಎಂದಿದ್ದರೆ ನಂಬುತ್ತಿದ್ದರು. ಜಂಪಣ್ಣ ಹಾಗೆನ್ನಲಿಲ್ಲ. "ಬೇಕಂತ್ಲೇ ಹೊಡ್ಕಂಡು ಹೋದೆ. ಹುಳ ಸಾಯ್ತಾವೆ ಅಂತ."

ದೊಡ್ಡೀರಪ್ಪ ಬೈಯಲಿಲ್ಲ. ಜಂಪಣ್ಣನ ಕೈಯಿಂದ ಕೋಲು ತೆಗೆದುಕೊಂಡು ಪಕ್ಕದಲ್ಲಿದ್ದ ಊರ ಹುಡುಗ ಅಂಜಿನೇಯನಿಗೆ ಕೊಟ್ಟರು. ಇನ್ನು ದೊಡ್ಡಿಯೊಳಗೆ ಕಾಲಿಡಬೇಡ ಎಂದರು.

ಸುದ್ದಿ ಕೇಳಿ ಬಂದ ಶಿಲ್ಪ, "ಒಂದು ಮಾತು ಹೇಳಿದ್ರೆ ನಾವೇ ಶೂಟಿಂಗ್ ನಿಲ್ಲಿಸ್ತಿದ್ವಲ್ಲ," ಎಂದರು. ಆರು ಕಾಲಿನ ಯಂತ್ರ ಗೋದಾಮಿನಲ್ಲಿ ನಲವತ್ತು ಅಡಿ ನೇರವಾಗಿ ಉಂಡೆ ಉರುಳಿಸಿದ ದಿನ ಕರೆ ಬಂದರೂ ಜಂಪಣ್ಣ ಹೋಗಲಿಲ್ಲ.

ಹುಳ ಹಿಡಿಯುವ ಕೆಲಸ ಮಾತ್ರ ಉಳಿದಿದೆ. ಮಂದೆಗೆ ಮರುವಾರವೇ ಮದ್ದು ಹಾಕಿದ್ದರಿಂದ ಊರಲ್ಲಿ ಹುಳ ಕಡಿಮೆಯಾಗಿ, ಈಗ ಬಕೆಟ್ ಹಿಡಿದು ಬಸ್ಸಿನಲ್ಲಿ ದೇವಸಮುದ್ರದ ಕಡೆ ಹೋಗುತ್ತಾರೆ. ಬಸ್ಸಿಗೆ ಕಾಯುವಾಗ ಅಂಜಿನೇಯ ಮಂದೆಯನ್ನು ರಸ್ತೆ ದಾಟಿಸುತ್ತಾನೆ. ದನಗಳಿಗೆ ಅವನ ಕೂಗು ಇನ್ನೂ ಒಗ್ಗಿಲ್ಲ. ಜಂಪಣ್ಣ ಆಗ ಅಂಗಡಿಯ ಮರೆಗೆ ಸರಿದು, ಯಾರು ಮಾತನಾಡಿಸಿದರೂ ಬಾಯಿ ಬಿಡದೆ ನಿಲ್ಲುತ್ತಾರೆ. ತನ್ನ ದನಿ ಕೇಳಿದರೆ ಅವು ಈ ಕಡೆ ತಿರುಗುತ್ತವೆ ಎಂಬುದು ಅವರಿಗೆ ಗೊತ್ತು.