ಬಂಡೆಗೆ ಹಾರಿದ ಯುಫ್ರಾಸಿಯಾ ಅಜ್ಜಿ

ನಮ್ಮ ಇಟ್ಬಾಯತ್ ದ್ವೀಪದಲ್ಲಿ ದೋಣಿ ದಡಕ್ಕೆ ತಾಗೋದಿಲ್ಲ. ಅಲೆ ದೋಣಿಯನ್ನು ಮೇಲೆತ್ತಿದಾಗ ದಡದ ಬಂಡೆಗೆ ಹಾರಬೇಕು. ಯುಫ್ರಾಸಿಯಾ ಅಜ್ಜಿ ಕಡಲಾಚೆಯ ಬಾಸ್ಕೊ ಪಟ್ಟಣದಲ್ಲಿ ಮೊಣಕಾಲಿಗೆ ಮದ್ದು ಮಾಡಿಸಿಕೊಂಡು ಮರಳಿದ್ದಳು. ಅದೇ ದೋಣಿಯಲ್ಲಿದ್ದ ಹೊಸ ಬಂದರು ಅಧಿಕಾರಿ ಅವಳನ್ನು ತಡೆದ.

"ಮುದುಕರು ಹಾರಕೂಡದು. ಹಸು ಇಳಿಸೋ ಹಗ್ಗದಲ್ಲಿ ಇಳಿ, ಇಲ್ಲಾಂದ್ರೆ ಬಾಸ್ಕೊಗೆ ವಾಪಸ್ ನಡಿ."

ಅಜ್ಜಿಯನ್ನು ಇಳಿಸಿಕೊಳ್ಳಲು ಬಂಡೆ ಮೇಲೆ ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು. ವಾಪಸ್ಸಾದರೆ ಬಾಸ್ಕೊದಲ್ಲಿರೋ ಅಜ್ಜಿಯ ಮಗಳು ಇವಳನ್ನು ಪಟ್ಟಣದಲ್ಲೇ ಕೂರಿಸಿಕೊಳ್ಳುತ್ತಾಳೆ, ಮತ್ತೆ ಕಳಿಸೋದಿಲ್ಲ.

"ನಾನೇನು ನಿಮ್ಮಪ್ಪನ ಕೊಟ್ಟಿಗೆ ಹಸುವೇನೋ?" ಅಜ್ಜಿ ಲಂಗ ಎತ್ತಿ ಕಟ್ಟಿದಳು. ಅಲೆ ಏರಿತು, ಹಾರಿಯೇಬಿಟ್ಟಳು. ನಾನು ತೋಳು ಹಿಡಿದರೆ ನನ್ನನ್ನೇ ಆಚೆ ತಳ್ಳಿ ನೆಟ್ಟಗೆ ನಿಂತಳು.

"ಈಗ ನೀ ಬಾರೋ ಸಾಹೇಬ, ಕೈ ಕೊಡ್ತೀನಿ."

ಅಧಿಕಾರಿ ದೋಣಿಯ ಅಂಚು ಅವುಚಿಕೊಂಡು ಕೂತುಬಿಟ್ಟ. ಅಜ್ಜಿ ಅವನಿಗಾಗಿ ಕಾಯಲಿಲ್ಲ. ಕುಂಟುತ್ತಲೇ ಮನೆಯ ದಾರಿಯ ಏರು ಹತ್ತಿದಳು.