ತೇಲಿದ ಮಣಿ

ಹಳೆಯ ರುದ್ರಾಕ್ಷಿ ಮಾಲೆಯನ್ನು ಹೊಸ ದಾರಕ್ಕೆ ಪೋಣಿಸಲೆಂದು ಇವತ್ತು ಅಂಗಡಿಗೆ ಒಯ್ದಿದ್ದೆ. ಪೊಟ್ಟಣ ಬಿಚ್ಚಿದ ಕೂಡಲೇ ಕುಸುಬಿ ಎಣ್ಣೆಯ ವಾಸನೆ ಬಂತು. ವಾಡಿ ಊರಿನ ನಮ್ಮ ಮನೆಯ ವಾಸನೆ ಅದು.

ಮಾಲೆ ನನ್ನ ಆಯಿಯದು, ಅಪ್ಪನ ತಾಯಿಯದು. ಪ್ರತಿ ಸೋಮವಾರ ಪರಸಿಕಲ್ಲಿನ ಕಟ್ಟೆಯ ಮೇಲೆ ಕೂತು ಒಂದೊಂದೇ ಮಣಿಗೆ ಎಣ್ಣೆ ಸವರುತ್ತಿದ್ದಳು. ರುದ್ರಾಕ್ಷಿ ಗಿಡದಲ್ಲಿ ಬಿಡುತ್ತದೆ ಎಂದು ಹೇಳಿದ್ದೂ ಅವಳೇ. ಹಾಗಾಗಿ ಒಮ್ಮೆ ದಾರ ಹರಿದಾಗ, ಇನ್ನೂ ಸಣ್ಣವಳಿದ್ದ ನಾನು ಒಂದು ಮಣಿ ಕದ್ದು ಹಿತ್ತಲಲ್ಲಿ ಹೂತೆ. ಗಿಡ ಬರಲಿಲ್ಲ, ಅಗೆದರೆ ಮಣಿಯೂ ಸಿಗಲಿಲ್ಲ. ಹೆದರಿ, ಅಲ್ಲೇ ಇದ್ದ ಬಾರಿಗಿಡದ ಬೋರೆಹಣ್ಣಿನ ಬೀಜಕ್ಕೆ ಕಾದ ದಬ್ಬಣದಿಂದ ತೂತು ಹಾಕಿ, ದೀಪದ ಮಸಿ ತಿಕ್ಕಿ, ಉಳಿದ ಮಣಿಗಳಲ್ಲಿ ಬೆರೆಸಿದೆ. ಆಯಿ ಅದನ್ನೂ ಸೇರಿಸಿ ಪೋಣಿಸಿಕೊಂಡಳು.

ಮುಂದೊಮ್ಮೆ ರುದ್ರಾಕ್ಷಿ ಮಾರುವವನೊಬ್ಬ ರೈಲಿಳಿದು ನಮ್ಮ ಓಣಿಗೆ ಬಂದ. ಆಯಿಯ ಮಾಲೆ ಬಿಚ್ಚಿಸಿ, ಮಣಿಗಳನ್ನು ನೀರಿನ ಗಂಗಾಳಕ್ಕೆ ಸುರಿದ.

"ಮುಳಗಿದ್ದು ಅಸಲಿ, ತೇಲಿದ್ದು ಖೋಟಾ ನೋಡ್ರಿ."

ಎಲ್ಲವೂ ಮುಳುಗಿದವು, ಒಂದು ತೇಲಿತು. ನಾನು ಕಂಬದ ಹಿಂದೆ ಸರಿದೆ.

"ಇದನ್ನ ತೆಗದು ನೇಪಾಳದ್ದು ಹಾಕಿ ಕೊಡ್ತೀನ್ರಿ ಆಯಿ."

"ಬ್ಯಾಡಪಾ," ಅಂದಳು ಆಯಿ, ನನ್ನ ಕಡೆ ನೋಡದೆ. "ಅದು ನಮ್ಮ ಹಿತ್ತಲದ್ದು ಅದ."

ಅಂಗಡಿಯವನು ಇವತ್ತು ಅದೇ ಮಣಿಯ ಮೇಲೆ ಬೆರಳಿಟ್ಟ. "ಅಕ್ಕಾರ, ಇದೊಂದು ರುದ್ರಾಕ್ಷಿ ಅಲ್ರಿ."

"ಗೊತ್ತದರಿ," ಅಂದೆ. "ಅದನ್ನೇ ಮೊದಲು ಪೋಣಿಸ್ರಿ."